ಜೂನ್ ದಾಟುವ ಗುಂಪು: ಕೊಡಗಿನಲ್ಲಿ ಒಟ್ಟಾಗಿ ವ್ಯಾಯಾಮ ಮಾಡುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ವ್ಯಾಯಾಮದ ಗುಂಪುಗಳು ಹುಟ್ಟುವುದು ಡಿಸೆಂಬರಿನಲ್ಲಿ, ಸಾಯುವುದು ಜೂನಿನಲ್ಲಿ. ಸುಗ್ಗಿಯ ಹಬ್ಬ ಪುತ್ತರಿ ಮುಗಿದು, ಆಕಾಶ ತಿಳಿಯಾಗಿ, ಚಳಿ ಹಿತವಾಗಿರುವಾಗ ಹತ್ತು ಹದಿನೈದು ಜನ ಸೇರುತ್ತಾರೆ. ವಾಟ್ಸಾಪ್ ಗ್ರೂಪಿಗೊಂದು ಜೋರಾದ ಹೆಸರು ಬೀಳುತ್ತದೆ, ಯಾರೋ ಒಬ್ಬರು ಟೀ ಶರ್ಟ್ ಮಾಡಿಸುವ ಮಾತೆತ್ತುತ್ತಾರೆ. ಮುಂಗಾರು ಹಿಡಿದು ಮೂರು ದಿನ ಬಿಡದೆ ಸುರಿದರೆ ಆ ಗ್ರೂಪಿನಲ್ಲಿ ಉಳಿಯುವುದು ಗುಡ್ ಮಾರ್ನಿಂಗ್ ಚಿತ್ರಗಳು ಮಾತ್ರ.

ನಾನು ಕಟ್ಟಿದ ಮೊದಲ ಎರಡು ಗುಂಪುಗಳೂ ಹೀಗೇ ಹೋದವು. ಅದರಲ್ಲೂ ಮೊದಲನೆಯದಕ್ಕೆ ಮಳೆಗಾಲದ ತನಕ ಕಾಯುವ ಭಾಗ್ಯವೂ ಇರಲಿಲ್ಲ. ಮೊದಲ ದಿನವೇ ಎಲ್ಲರಿಂದ 12 ಸೂರ್ಯನಮಸ್ಕಾರ ಮಾಡಿಸಿ, ದೇವಸ್ಥಾನದ ಏರಿಗೆ ಓಡಿಸಿದೆ. ಮಾರನೆಯ ದಿನ ಅರ್ಧ ಜನ ಬಂದರು. ಮೂರನೆಯ ದಿನ ಬಂದದ್ದು ನಾನು ಮತ್ತು ನನ್ನ ನಾಯಿ. ಈಗಿನದು ಮೂರನೆಯ ಗುಂಪು, ಕೆಲವು ಮಳೆಗಾಲ ದಾಟಿದೆ. ಇದನ್ನು ಕಟ್ಟುವಾಗ ನಾವು ಲೆಕ್ಕ ಹಾಕಿದ್ದು ಡಿಸೆಂಬರಿನ ಬೆಳಗ್ಗಿನಿಂದಲ್ಲ, ಜೂನಿನ ಬೆಳಗ್ಗಿನಿಂದ. ಈ ಮಾರ್ಗದರ್ಶಿಯನ್ನೂ ಹಾಗೇ ಓದಿ.

ಹೆಜ್ಜೆ 1: "ತೋಟದಲ್ಲಿ ಓಡಾಡ್ತೇವಲ್ಲ" ಎನ್ನುವವರಿಗೆ ಉತ್ತರ

ಕರೆಯಲು ಹೋದಾಗ ಹೆಚ್ಚಿನವರು ಹೇಳುವುದು ಇದೇ ಮಾತು. ಇದು ಪೂರ್ತಿ ಸುಳ್ಳೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷ ಜೋರಾದ ಶ್ರಮ ಬೇಕು ಎನ್ನುತ್ತದೆ. ಅದರ ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, 65 ದಾಟಿದವರಿಗೆ 3 ದಿನ ಸಮತೋಲನದ ಅಭ್ಯಾಸ. ದುಡಿಮೆಯ ಶ್ರಮವೂ ಈ ಲೆಕ್ಕಕ್ಕೆ ಸೇರುತ್ತದೆ. ಒಂದೇ ಉಸಿರಿಗೆ ಇಷ್ಟು ನಿಮಿಷ ಮಾಡಬೇಕೆಂಬ ಹಳೆಯ ಷರತ್ತನ್ನೂ ಈಗ ಕೈಬಿಟ್ಟಿದ್ದಾರೆ.

ಆದರೆ ತೋಟದಲ್ಲಿ ಯಾರು ಏನು ಮಾಡುತ್ತಾರೆ ಎಂಬುದನ್ನು ನೋಡಬೇಕಲ್ಲ. ಸಾಹುಕಾರರು ಕೈ ಹಿಂದೆ ಕಟ್ಟಿಕೊಂಡು ಎರಡು ಸಾಲು ನಡೆದು, ತೋಟದ ಲೆಕ್ಕ ನೋಡುವ ರೈಟರ್ ಜೊತೆ ಕಾಲು ಗಂಟೆ ಮಾತಾಡಿ, ಜೀಪು ಹತ್ತಿದರೆ ಅದು ಮೇಲ್ವಿಚಾರಣೆ, ವ್ಯಾಯಾಮವಲ್ಲ. ಇನ್ನೊಂದು ಕಡೆ ದಿನವಿಡೀ ಕಾಫಿ ಕೊಯ್ದು, ಸಂಜೆ ಚೀಲ ಹೊತ್ತು ತಂದು ತೂಕಕ್ಕೆ ಇಡುವ ಹೆಂಗಸಿಗೆ ಮತ್ತೆ ಬಸ್ಕಿ ಹೊಡೆಸುವುದು ದಡ್ಡತನ. ಆಕೆಗೆ ಬೇಕಿರುವುದು ಬೆನ್ನು, ಹೆಗಲು, ಸೊಂಟ ಸಡಿಲವಾಗುವ 20 ನಿಮಿಷ ಮತ್ತು ವಿಶ್ರಾಂತಿ. ದೇಹ ತನಗೆ ಕೊಟ್ಟ ಕೆಲಸಕ್ಕೆ ತಕ್ಕಂತೆ ಮಾತ್ರ ಬದಲಾಗುತ್ತದೆ. ತರಬೇತಿಯ ಭಾಷೆಯಲ್ಲಿ ಇದನ್ನು ನಿರ್ದಿಷ್ಟತೆಯ ತತ್ವ ಎನ್ನುತ್ತಾರೆ. ದಿನವಿಡೀ ಬಾಗಿ ದುಡಿಯುವವರಿಗೆ ಬಾಗಿ ದುಡಿಯುವುದು ಅಭ್ಯಾಸವಾಗುತ್ತದೆ. ಏರು ಹತ್ತುವ ಉಸಿರು, ಬೀಳದಂತೆ ನಿಲ್ಲುವ ಕಾಲು ತಾವಾಗಿ ಬರುವುದಿಲ್ಲ.

ಹಾಕಿಯ ಹೆಮ್ಮೆಯ ಬಗ್ಗೆಯೂ ಒಂದು ಮಾತು. ಭಾರತ ಹಾಕಿ ತಂಡದ ನಾಯಕರಾಗಿದ್ದ ಎಂ.ಪಿ. ಗಣೇಶ್ ಅವರ ನಾಡು, 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯನವರ ನಾಡು, ಎಲ್ಲ ಸರಿ. ಆದರೆ ನಮ್ಮ ಮಂಡಿಗೆ ಈ ಇತಿಹಾಸ ಗೊತ್ತಿರುವುದಿಲ್ಲ.

ಹೆಜ್ಜೆ 2: ಜನ ಸೇರಿಸಿ, ಸೇರಿಸುವ ಮೊದಲು ಕೇಳಿ

ಆರರಿಂದ ಹನ್ನೆರಡು ಜನ ಸಾಕು. ಆರಕ್ಕಿಂತ ಕಡಿಮೆಯಾದರೆ ಮದುವೆ, ತಿಥಿ, ಕೋರ್ಟು ಎಂದು ಇಬ್ಬರು ತಪ್ಪಿಸಿದರೂ ಕಳೆ ಹೋಗುತ್ತದೆ. ಹನ್ನೆರಡು ದಾಟಿದರೆ ಹಿಂದಿನ ಸಾಲಿನವರು ಬೆನ್ನು ಬಾಗಿಸಿ ಮಾಡುತ್ತಿದ್ದಾರೋ ನೇರವಾಗಿ ಮಾಡುತ್ತಿದ್ದಾರೋ ಒಬ್ಬರಿಗೆ ನೋಡಲಾಗುವುದಿಲ್ಲ.

ಮೊದಲ ದಿನ ಪ್ರತಿಯೊಬ್ಬರನ್ನೂ ಪಕ್ಕಕ್ಕೆ ಕರೆದು, ಗುಂಪಿನ ಎದುರಲ್ಲದೆ, ಕೇಳಿ: ನಡೆಯುವಾಗ ಎದೆ ಬಿಗಿದದ್ದಿದೆಯಾ? ತಲೆ ಸುತ್ತಿ ಬಿದ್ದದ್ದಿದೆಯಾ? ಬಿಪಿ, ಸಕ್ಕರೆ, ಆಸ್ತಮಾ? ಮಂಡಿ, ಸೊಂಟದ ಆಪರೇಷನ್? ಗರ್ಭಿಣಿಯಾ? ಯಾವ ಮಾತ್ರೆ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂದವರು ಡಾಕ್ಟರನ್ನು ಕಂಡು ಬಂದ ಮೇಲೆಯೇ ಶುರು ಮಾಡಲಿ. ಮಾತ್ರೆಯ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬಿಪಿ ಮಾತ್ರೆಗಳು ನಾಡಿಯ ವೇಗವನ್ನೇ ತಗ್ಗಿಸುತ್ತವೆ. ಅವರು ಕೈಗಡಿಯಾರ ನೋಡಿ "ನನ್ನ ಹಾರ್ಟ್ ರೇಟ್ ಇನ್ನೂ 100 ದಾಟಿಲ್ಲ" ಎಂದು ಮತ್ತಷ್ಟು ಓಡಿದರೆ ಅಪಾಯ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಒಂದು ತುಂಡು ಬೆಲ್ಲ ಇರಲಿ. ಕೈ ನಡುಕ, ಬೆವರು, ಗಲಿಬಿಲಿ ಕಂಡರೆ ಮೊದಲು ಬೆಲ್ಲ, ಆಮೇಲೆ ಮಾತು.

ಆಂಬುಲೆನ್ಸ್ ಸಂಖ್ಯೆ 108 ಎಲ್ಲರಿಗೂ ಗೊತ್ತು. ಆದರೆ ನೀವು ನಡೆಯುವ ದಾರಿಯಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದು ಗೊತ್ತಾ? ನಮ್ಮ ದಾರಿಯಲ್ಲಿ ಹಾಲಿನ ಡೈರಿ ತಿರುವು ದಾಟಿದರೆ ಮುಂದಿನ ಒಂದೂವರೆ ಕಿಲೋಮೀಟರ್ ಫೋನ್ ಬರೀ ಟಾರ್ಚು. ಅದಕ್ಕೇ ಗುಂಪಿನಲ್ಲಿ ಇಬ್ಬರಾದರೂ ಎದೆ ಒತ್ತುವುದನ್ನು ಕಲಿತಿರಬೇಕು: ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ಸಹಾಯ ಬರುವ ತನಕ. ಆಂಬುಲೆನ್ಸ್ ಬೆಟ್ಟ ಹತ್ತಿ ಬರುವ ಹೊತ್ತನ್ನು ನೆನೆದರೆ ಇದನ್ನು ಯಾಕೆ ಕಲಿಯಬೇಕೆಂದು ಬೇರೆ ಹೇಳಬೇಕಿಲ್ಲ.

ಹೆಜ್ಜೆ 3: ಜಾಗ, ಹೊತ್ತು, ಮತ್ತು ಆನೆ

ಬೆಂಗಳೂರಿನವರ ವಿಡಿಯೋ ನೋಡಿ ಬೆಳಗ್ಗೆ 5 ಗಂಟೆಗೆ ವಾಕಿಂಗ್ ಎಂದು ಇಟ್ಟುಕೊಳ್ಳಬೇಡಿ. ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ ಕಡೆಯ ತೋಟದ ರಸ್ತೆಗಳಲ್ಲಿ ಆ ಹೊತ್ತಿಗೆ ಆನೆ ಇನ್ನೂ ಡ್ಯೂಟಿಯಲ್ಲಿರುತ್ತದೆ. ಬೆಳಕು ಪೂರ್ತಿ ಹರಿದ ಮೇಲೆ, ಮಂಜು ಸ್ವಲ್ಪ ಸರಿದ ಮೇಲೆ ಹೊರಡಿ. ಆನೆ ಕಂಡಿದೆ ಎಂಬ ಸುದ್ದಿ ಊರಿನ ಗ್ರೂಪಿನಲ್ಲಿ ಬಂದ ದಿನ ನಡಿಗೆ ರದ್ದು, ಅಂಗಳದ ವ್ಯಾಯಾಮ ಮಾತ್ರ. ಈ ವಿಷಯದಲ್ಲಿ ಧೈರ್ಯ ತೋರಿಸುವವರನ್ನು ಗುಂಪಿನ ಮುಂದಾಳು ಮಾಡಬೇಡಿ. ಕಿವಿಗೆ ಇಯರ್‌ಫೋನ್ ಬೇಡ. ರಸ್ತೆಯಲ್ಲಿ ಬಲಬದಿಗೆ, ಎದುರಿನ ವಾಹನ ಕಾಣುವಂತೆ, ಸಾಲಾಗಿ ನಡೆಯಿರಿ. ತಿರುವುಗಳಲ್ಲಿ ಪ್ರವಾಸಿಗರ ಕಾರುಗಳು ಯಾವ ಕಡೆಯಿಂದ ಬರುತ್ತವೆಂದು ದೇವರಿಗೂ ಗೊತ್ತಿರುವುದಿಲ್ಲ.

ಮಡಿಕೇರಿಯವರಿಗೆ ಏರಿಳಿತಕ್ಕೆ ಬರವಿಲ್ಲ. ಕುಶಾಲನಗರದವರಿಗೆ ಸಮತಟ್ಟು ಸಿಗುತ್ತದೆ, ಹೊಸಬರಿಗೆ ಅದೇ ಒಳ್ಳೆಯದು. ಹಳ್ಳಿಯಲ್ಲಿ ಶಾಲೆಯ ಮೈದಾನ ಕೇಳಿ. ಕೆಲವು ಊರಿನಲ್ಲಿ ಮಂದ್ ಸಿಗಬಹುದು, ಆದರೆ ಅದು ಬರೀ ಬಯಲಲ್ಲ, ಪುತ್ತರಿ ಕೋಲಾಟ ಆಡುವ ಜಾಗ. ಊರಿನ ಹಿರಿಯರನ್ನು ಕೇಳದೆ ಶೂ ಹಾಕಿಕೊಂಡು ಇಳಿಯಬೇಡಿ.

ಹೆಂಗಸರು ಗುಂಪಿಗೆ ಬರುವುದಿಲ್ಲ ಎಂದು ದೂರುವ ಗಂಡಸರು ಇಟ್ಟಿರುವ ಹೊತ್ತು ಯಾವುದೆಂದು ನೋಡಿ: ಬೆಳಗ್ಗೆ ಆರೂವರೆ. ಒಲೆಯ ಮೇಲೆ ಪುಟ್ಟಿನ ಪಾತ್ರೆ, ಹಟ್ಟಿಯಲ್ಲಿ ಹಸು, ಸ್ಕೂಲ್ ಬಸ್ಸು, ಎಲ್ಲ ಅದೇ ಹೊತ್ತಿಗೆ. ನಮ್ಮಲ್ಲಿ ಎರಡನೆಯ ತಂಡವನ್ನು ಹತ್ತೂವರೆಗೆ ಇಟ್ಟ ಮೇಲೆ ಅದೇ ದೊಡ್ಡ ತಂಡವಾಯಿತು.

ಹೆಜ್ಜೆ 4: ಶುರುವಿನಲ್ಲೇ ಅಳೆದು ಬರೆದಿಡಿ

ತೂಕದ ಯಂತ್ರ ತರಬೇಡಿ. ಎಲ್ಲರೆದುರು ತೂಕ ನೋಡಿದ ದಿನವೇ ಇಬ್ಬರು ಬಿಟ್ಟು ಹೋಗುತ್ತಾರೆ. ಒಂದು ನೋಟ್‌ಬುಕ್ಕು, ಒಂದು ಕುರ್ಚಿ, ಒಂದು ಗಡಿಯಾರ ಸಾಕು.

ಕೈಯನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸಿ. 60ರಿಂದ 64ರ ಹೆಂಗಸರಲ್ಲಿ 12ಕ್ಕಿಂತ, ಗಂಡಸರಲ್ಲಿ 14ಕ್ಕಿಂತ ಕಡಿಮೆ ಬಂದರೆ ಆ ವಯಸ್ಸಿನ ಸರಾಸರಿಗಿಂತ ಕೆಳಗೆ, ಬೀಳುವ ಅಪಾಯ ಹೆಚ್ಚು ಎಂದು ಅರ್ಥ. ಒಂಟಿ ಕಾಲಿನ ಮೇಲೆ ಎಷ್ಟು ಸೆಕೆಂಡು ನಿಲ್ಲುತ್ತಾರೆ ನೋಡಿ, ಪಕ್ಕದಲ್ಲಿ ಗೋಡೆ ಇರಲಿ. ಊರಿನ ಒಂದು ಏರನ್ನು ಆರಿಸಿ, ಬುಡದಿಂದ ತುದಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಿರಿ. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲಿನ ನಾಡಿಮಿಡಿತವನ್ನು ಅವರೇ ಎಣಿಸಿಕೊಂಡು ಬರಲಿ. ಇಷ್ಟನ್ನು ಆರು ವಾರಕ್ಕೊಮ್ಮೆ ಮತ್ತೆ ಮಾಡಿ. ತೂಕ ಒಂದು ಕಿಲೋ ಇಳಿಯದಿದ್ದರೂ ಏರು ಒಂದು ನಿಮಿಷ ಬೇಗ ಹತ್ತಿದ್ದು ಪುಸ್ತಕದಲ್ಲಿ ಕಾಣುತ್ತದೆ. ಜನ ಉಳಿಯುವುದು ಅದರಿಂದ.

ಹೆಜ್ಜೆ 5: 45 ನಿಮಿಷದ ಒಂದು ದಿನ

ಮೊದಲ 8 ನಿಮಿಷ ಮೈ ಬಿಸಿ. ನಿಂತಲ್ಲೇ ನಡಿಗೆ, ತೋಳು ತಿರುಗಿಸುವುದು, ಸೊಂಟ ತಿರುಗಿಸುವುದು, ಪಾದದ ಕೀಲು. ಚಳಿಗಾಲದಲ್ಲಿ ಇದನ್ನು 10 ನಿಮಿಷ ಮಾಡಿ. ಹಿಡಿದು ನಿಲ್ಲುವ ಎಳೆತಗಳು ಶುರುವಿನಲ್ಲಿ ಬೇಡ, ಕೊನೆಯ 7 ನಿಮಿಷಕ್ಕೆ ಇಟ್ಟುಕೊಳ್ಳಿ.

ನಡುವಿನ ಅರ್ಧ ಗಂಟೆಗೆ ಐದು ಕೆಲಸ ಸಾಕು: ಕೂತು ಏಳುವುದು, ಬಾಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು. ಜಿಮ್ಮಿನಲ್ಲಿ ನೂರು ಯಂತ್ರ ಇದ್ದರೂ ಕೊನೆಗೆ ಈ ಐದೇ.

ಕೂತು ಏಳುವುದನ್ನು ನಾನು ಹೇಗೆ ಕಲಿಸುತ್ತೇನೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚು ಮಂಡಿ ಹಾಳಾಗುವುದು ಇಲ್ಲೇ. ಗುಂಪಿಗೆ ಮೊದಲು ಬಂದಾಗ ನಮ್ಮ ಅಜ್ಜಿಯೊಬ್ಬರು ಜಗಲಿಯಿಂದ ಏಳಲು ಎರಡೂ ಕೈ ಊರುತ್ತಿದ್ದರು. ಅವರಿಗೆ ಬಸ್ಕಿ ಎಂಬ ಪದವನ್ನೇ ಹೇಳಲಿಲ್ಲ. ಎತ್ತರದ ಕುರ್ಚಿಯ ಮೇಲೆ ಎರಡು ದಿಂಬು ಇಟ್ಟೆವು. ಪಾದ ಹೆಗಲಿನಷ್ಟು ಅಗಲ, ಬೆರಳು ತುಸು ಹೊರಕ್ಕೆ. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ, ಹಿಮ್ಮಡಿಯಿಂದ ನೆಲ ತಳ್ಳಿ ಏಳುವುದು. ಕೂರುವಾಗ "ಧೊಪ್" ಎಂದು ಬೀಳದೆ ಮೂರು ಎಣಿಸುತ್ತ ಇಳಿಯುವುದು. ಮಂಡಿ ಒಳಕ್ಕೆ ಬಾಗಿದರೆ ಎದುರಿನವರು "ಮಂಡಿ ಹೊರಗೆ" ಎಂದರೆ ಸಾಕು. ಎಂಟು ಸಲ, ಒಂದು ನಿಮಿಷ ವಿರಾಮ, ಮತ್ತೆ ಎಂಟು. ಎರಡು ವಾರಕ್ಕೆ ಒಂದು ದಿಂಬು ತೆಗೆದೆವು, ಇನ್ನೆರಡು ವಾರಕ್ಕೆ ಇನ್ನೊಂದು. ಆಮೇಲೆ ಕುರ್ಚಿ ಹೋಗಿ ಜಗಲಿ ಬಂತು. ಈಗ ಅವರು ಒಲೆ ಊದುವ ಮಣೆಯಿಂದ ಕೈ ಊರದೆ ಏಳುತ್ತಾರೆ. ಹೊರೆಯನ್ನು ಹಂತ ಹಂತವಾಗಿ ಏರಿಸುವುದು ಎಂಬ ದೊಡ್ಡ ತತ್ವ ಇಷ್ಟೇ: ದಿಂಬು ತೆಗೆಯುವುದು.

ಬಾಗಿ ಎತ್ತುವುದಕ್ಕೆ ನಮ್ಮವರಿಗೆ ಉದಾಹರಣೆ ಹುಡುಕಬೇಕಿಲ್ಲ, 50 ಕಿಲೋದ ಕಾಫಿ ಮೂಟೆ ಇದೆ. ಆದರೆ ಅದರಿಂದ ಶುರು ಮಾಡಬಾರದು. ಬೆನ್ನಿಗೆ ಒಂದು ಕೋಲನ್ನು ಉದ್ದಕ್ಕೆ ಹಿಡಿದು, ತಲೆ, ಬೆನ್ನು, ಪೃಷ್ಠ ಮೂರೂ ಕೋಲಿಗೆ ತಾಗಿರುವಂತೆ ಸೊಂಟದಿಂದ ಮಾತ್ರ ಮಡಚಿ. ಕೋಲು ಎಲ್ಲಿ ಬಿಟ್ಟಿತೋ ಅಲ್ಲಿ ಬೆನ್ನು ಬಾಗಿತು. ಇದು ಬಂದ ಮೇಲೆ ಐದು ಕಿಲೋ ಚೀಲ, ಆಮೇಲೆ ಹತ್ತು. ತಳ್ಳುವುದು ಗೋಡೆಯಿಂದ ಶುರುವಾಗಿ ಜಗಲಿಗೆ, ಕೊನೆಗೆ ನೆಲಕ್ಕೆ. ಎಳೆಯುವುದಕ್ಕೆ ದಪ್ಪ ಹಗ್ಗವನ್ನು ಗಟ್ಟಿ ಮರದ ಬುಡಕ್ಕೆ ಸುತ್ತಿ, ಎರಡು ತುದಿ ಹಿಡಿದು ಹಿಂದಕ್ಕೆ ವಾಲಿ, ಎದೆಯನ್ನು ಮರದತ್ತ ಎಳೆದುಕೊಳ್ಳಿ. ಹೊತ್ತು ನಡೆಯಲು ಎರಡು ಕೈಯಲ್ಲಿ ಎರಡು ಬಕೆಟ್ ನೀರು. ಹತ್ತು ಲೀಟರ್ ಎಂದರೆ ಹತ್ತು ಕಿಲೋ, ಚೆಲ್ಲಬಾರದು ಎಂಬ ಷರತ್ತೇ ನಡಿಗೆಯನ್ನು ತಿದ್ದುತ್ತದೆ.

ಶ್ರಮ ಎಷ್ಟಿರಬೇಕು? ಮಾತಾಡಿ ನೋಡಿ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದರೆ ಮಧ್ಯಮ. ಎರಡು ಮಾತಿಗೊಮ್ಮೆ ಉಸಿರು ಬೇಕೆಂದರೆ ಜೋರು. ರಾಜಕೀಯ ಚರ್ಚೆ ಸಲೀಸಾಗಿ ನಡೆಯುತ್ತಿದೆ ಎಂದರೆ ಅದು ವ್ಯಾಯಾಮವಲ್ಲ, ಕಟ್ಟೆಪುರಾಣ. 220ರಿಂದ ವಯಸ್ಸು ಕಳೆಯುವ ಸೂತ್ರ ಸರಾಸರಿಯ ಲೆಕ್ಕ ಮಾತ್ರ, ಒಬ್ಬೊಬ್ಬರಲ್ಲಿ ಹತ್ತಿಪ್ಪತ್ತು ಆಚೀಚೆ ಆಗುತ್ತದೆ. ಮಾತಿನ ಪರೀಕ್ಷೆಯೇ ಮೇಲು.

ಹೆಜ್ಜೆ 6: ಏರು ಉಸಿರಿಗೆ, ಇಳಿಜಾರು ತೊಡೆಗೆ

ಸಮತಟ್ಟು ಊರಿನವರು ಬರೆದ ಪುಸ್ತಕಗಳಲ್ಲಿ ಇದು ಅಷ್ಟಾಗಿ ಸಿಗುವುದಿಲ್ಲ. ಏರು ಹತ್ತುವಾಗ ಕೆಲಸ ಹೃದಯ, ಶ್ವಾಸಕೋಶ, ಪೃಷ್ಠದ ಸ್ನಾಯುಗಳಿಗೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು. ಅಭ್ಯಾಸವಿಲ್ಲದವರಿಗೆ ಈ ಬಗೆಯ ಕೆಲಸದಿಂದಲೇ ಮೈಕೈ ನೋವು ಹೆಚ್ಚು. ಅದು ಅವತ್ತೇ ಕಾಣುವುದೂ ಇಲ್ಲ, 24ರಿಂದ 72 ಗಂಟೆಯ ಒಳಗೆ ಜೋರಾಗುತ್ತದೆ. ಭಾನುವಾರ ಬೆಟ್ಟ ಹತ್ತಿ ಬಂದವರು ಸೋಮವಾರ ಮೀಸೆ ತಿರುವಿ, ಮಂಗಳವಾರ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವುದು ಈ ಕಾರಣಕ್ಕೆ. ಒಳ್ಳೆಯ ಸುದ್ದಿ ಏನೆಂದರೆ ಒಮ್ಮೆ ಅನುಭವಿಸಿದ ಸ್ನಾಯು ಮುಂದಿನ ಸಲಕ್ಕೆ ಬೇಗ ಸಿದ್ಧವಾಗುತ್ತದೆ.

ಹಾಗಾಗಿ ಮೊದಲ ಎರಡು ವಾರ ಏರು ಎಷ್ಟಿದ್ದರೂ ಇರಲಿ, ಇಳಿಜಾರು ಸಣ್ಣದಿರಲಿ. ಇಳಿಯುವಾಗ ಹೆಜ್ಜೆ ಚಿಕ್ಕದು, ಮಂಡಿ ತುಸು ಮಡಚಿ, ಕಣ್ಣು ಐದಾರು ಅಡಿ ಮುಂದೆ. ಮಂಡಿ ನೋವಿನವರು ಏರು ನಡೆದು, ಇಳಿಯುವುದಕ್ಕೆ ಯಾರದಾದರೂ ಜೀಪು ಹಿಡಿಯಲಿ. ಅದರಲ್ಲಿ ಅವಮಾನವೇನಿಲ್ಲ.

ಏರಿನಲ್ಲಿ ಒಂದು ನಿಯಮ: ನಿಧಾನದವರು ಮುಂದೆ. ಚುರುಕಿನವರು ತುದಿ ಮುಟ್ಟಿ ಸುಮ್ಮನೆ ನಿಲ್ಲುವ ಬದಲು ಇಳಿದು ಬಂದು ಕೊನೆಯವರ ಹಿಂದೆ ಮತ್ತೆ ಹತ್ತಲಿ. ಅವರಿಗೆ ಎರಡು ಪಟ್ಟು ಕೆಲಸ, ನಿಧಾನದವರಿಗೆ ಒಂಟಿತನವಿಲ್ಲ. ಒಂದೇ ರಸ್ತೆಯಲ್ಲಿ 25ರವರೂ 70ರವರೂ ಒಟ್ಟಿಗೆ ಮುಗಿಸಲು ನನಗೆ ತಿಳಿದ ದಾರಿ ಇದೊಂದೇ.

ಹೆಜ್ಜೆ 7: ಏರಿಸುವುದು, ಇಳಿಸುವುದು, ಬಿಡುವುದು

ಒಂದು ಸಲಕ್ಕೆ ಒಂದನ್ನು ಮಾತ್ರ ಏರಿಸಿ. ಮೊದಲು ದಿನಗಳು, ಆಮೇಲೆ ನಿಮಿಷ, ಆಮೇಲೆ ಏರು, ಕೊನೆಗೆ ಭಾರ ಅಥವಾ ವೇಗ. ವಾರಕ್ಕೆ ಮೂರು ದಿನ 20 ನಿಮಿಷದಿಂದ ಶುರುವಾದವರು ಎರಡು ತಿಂಗಳಲ್ಲಿ ನಾಲ್ಕು ದಿನ 40 ನಿಮಿಷಕ್ಕೆ ಬಂದರೆ ಚೆನ್ನಾಗಿಯೇ ಬಂದಂತೆ. ನಾಲ್ಕನೆಯ ವಾರ ಹೊರೆಯನ್ನು ಸುಮಾರು ಮೂರನೇ ಒಂದು ಭಾಗ ಇಳಿಸಿ. ಬಲ ಬರುವುದು ವ್ಯಾಯಾಮದ ಹೊತ್ತಿನಲ್ಲಲ್ಲ, ಅದಾದ ಮೇಲಿನ ವಿಶ್ರಾಂತಿಯಲ್ಲಿ. ಅದೇ ಸ್ನಾಯುವಿಗೆ ಭಾರದ ಕೆಲಸ ಕೊಟ್ಟ ಮೇಲೆ ಒಂದು ದಿನ ನಡುವೆ ಬಿಡಿ.

ಹತ್ತು ದಿನ ತಪ್ಪಿಸಿಕೊಂಡವರು ಬಂದಾಗ "ಏನು ಸಾಹುಕಾರ್ರೇ, ದಾರಿ ಮರೆತಿರಾ" ಎಂದು ಕೆಣಕುವ ಚಪಲ ನಮಗೆಲ್ಲ ಇದೆ. ಬಿಡಬೇಕು. ಎರಡು ವಾರ ಬಿಟ್ಟರೆ ಉಸಿರಿನ ಸಾಮರ್ಥ್ಯ ಇಳಿಯತೊಡಗುತ್ತದೆ, ಸ್ನಾಯುಬಲ ಅಷ್ಟು ಬೇಗ ಹೋಗುವುದಿಲ್ಲ. ಬಂದವರಿಗೆ ಬಿಟ್ಟ ಕಡೆಯಿಂದಲ್ಲ, ಅದರ ಅರ್ಧದಿಂದ ಶುರು ಮಾಡಿಸಿ. ಒಂದು ವಾರದಲ್ಲಿ ಸರಿಹೋಗುತ್ತಾರೆ.

ನೋವಿನಲ್ಲಿ ಎರಡು ಬಗೆ. ಸ್ನಾಯುವಿನಲ್ಲಿ ಎರಡೂ ಕಡೆ ಸಮನಾಗಿ ಮಂದವಾಗಿದ್ದರೆ ಹೆದರಬೇಡಿ. ಕೀಲಿನಲ್ಲಿ, ಒಂದೇ ಕಡೆ, ಚುಚ್ಚುವಂತೆ, ಊತದೊಂದಿಗೆ ಇದ್ದರೆ ನಿಲ್ಲಿಸಿ. ಎದೆ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು, ಅಸಹಜ ಬೆವರು ಕಂಡರೆ ಗ್ಯಾಸ್ ಎಂದು ಜೀರಿಗೆ ಕಷಾಯ ಹುಡುಕಬೇಡಿ, ಆಸ್ಪತ್ರೆಗೆ ಹೊರಡಿ.

ವಯಸ್ಸಾಯಿತು ಎನ್ನುವವರಿಗೆ ನಮ್ಮವರದೇ ಒಂದು ನಿದರ್ಶನ. ಟೆನಿಸ್ ಆಟಗಾರ ರೋಹನ್ ಬೋಪಣ್ಣ 2024ರ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ವಯಸ್ಸು 43. ಮಂಡಿಯ ಮೃದ್ವಸ್ಥಿ ಸವೆದ ಮೇಲೆ ತನ್ನನ್ನು ಅಂಗಳದಲ್ಲಿ ಉಳಿಸಿದ್ದು ಅಯ್ಯಂಗಾರ್ ಯೋಗ ಎಂದು ಅವರೇ ಹೇಳಿಕೊಂಡಿದ್ದಾರೆ. ಹಾಸಿಗೆ, ಕಂಬಳಿ, ಹಗ್ಗ, ಕುರ್ಚಿ ಬಳಸಿ ಮಾಡುವ ಆ ಪದ್ಧತಿ ಗುಂಪಿನ ಹಿರಿಯರಿಗೂ ಹೊಂದುತ್ತದೆ.

ಹೆಜ್ಜೆ 8: ಕಾಫಿಯ ಕ್ಯಾಲೆಂಡರ್ ಹಿಡಿದು ವರ್ಷ ಹಂಚಿ

ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಹೊಸಬರು ಶುರು ಮಾಡಲು ಒಳ್ಳೆಯ ಹೊತ್ತು. ಮಳೆ ಹಿಂದೆ ಸರಿದಿರುತ್ತದೆ, ಕೊಯ್ಲು ಇನ್ನೂ ಹಿಡಿದಿರುವುದಿಲ್ಲ. ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ ಕೊಯ್ಲು ಎಂದರೆ ಮಾರ್ಚ್ ಹತ್ತಿರದ ತನಕ ಬೆಳೆಗಾರರಿಗೆ ತಲೆ ಕೆರೆಯಲು ಪುರುಸೊತ್ತಿಲ್ಲ. ಆಗ ವಾರಕ್ಕೆ ಐದು ದಿನದ ಕನಸು ಬೇಡ. ಗಳಿಸಿದ ಬಲವನ್ನು ಉಳಿಸಿಕೊಳ್ಳಲು ಅಷ್ಟೇ ಭಾರದಲ್ಲಿ ವಾರಕ್ಕೆ ಒಂದೆರಡು ದಿನ ಮಾಡಿದರೂ ಸಾಕಾಗುತ್ತದೆ. ದಿನ ಕಡಿಮೆ ಮಾಡಿ, ಭಾರ ಕಡಿಮೆ ಮಾಡಬೇಡಿ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲಿನ ದಿನಗಳು ಬಲ ಬೆಳೆಸುವ ಕಾಲ. ಅದೇ ಹೊತ್ತಿಗೆ ಕುಟುಂಬಗಳ ಹಾಕಿ ಬರುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಗೆ ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬರುತ್ತವೆ. ಹಬ್ಬ ಚೆಂದ. ಆದರೆ ವರ್ಷವಿಡೀ ಕೂತಿದ್ದ ನಲವತ್ತೈದರ ಮಾಮ ಮೊದಲ ಹತ್ತು ನಿಮಿಷದಲ್ಲೇ ತೊಡೆಯ ಹಿಂಭಾಗ ಹಿಡಿದುಕೊಂಡು ಕೂರುವುದೂ ಪ್ರತಿ ವರ್ಷದ ದೃಶ್ಯ. ಆಡುವವರು ಆರು ವಾರ ಮೊದಲೇ ಶುರು ಮಾಡಿ. ವಾರಕ್ಕೆ ಎರಡು ದಿನ ಸಣ್ಣ ಓಟಗಳು, ಮೊದಲ ವಾರ ಅರ್ಧ ವೇಗ, ಪೂರ್ಣ ವೇಗ ಕೊನೆಯ ಎರಡು ವಾರ ಮಾತ್ರ. ಜೊತೆಗೆ ಜೋಡಿ ವ್ಯಾಯಾಮ ಒಂದು: ಒಬ್ಬರು ಮಂಡಿಯೂರಿ ನಿಲ್ಲುವುದು, ಇನ್ನೊಬ್ಬರು ಅವರ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಹಿಡಿಯುವುದು, ಮಂಡಿಯೂರಿದವರು ಬೆನ್ನು ನೇರವಾಗಿಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲಿ, ಕೊನೆಗೆ ಕೈ ಊರುವುದು. ನಾಲ್ಕೈದು ಸಲ ಸಾಕು. ತೊಡೆಯ ಹಿಂಭಾಗದ ಗಾಯವನ್ನು ಇದು ಗಣನೀಯವಾಗಿ ತಗ್ಗಿಸುತ್ತದೆಂದು ಆಟಗಾರರ ಮೇಲಿನ ಅಧ್ಯಯನಗಳು ತೋರಿಸಿವೆ. ಏಪ್ರಿಲ್, ಮೇ ಮಧ್ಯಾಹ್ನದ ಗುಡುಗಿಗೆ ಮೈದಾನ ಬಿಟ್ಟು ಒಳಗೆ ಬನ್ನಿ, ಸ್ಕೋರ್ ಎಷ್ಟೇ ಆಗಿರಲಿ.

ಗುಂಪಿಗೊಂದು ಗುರಿ ಬೇಕೆಂದರೆ ತಡಿಯಂಡಮೋಳ್. 1,748 ಮೀಟರ್, ಜಿಲ್ಲೆಯ ಅತಿ ಎತ್ತರದ ಶಿಖರ, ಕಕ್ಕಬ್ಬೆಯ ನಾಲ್ಕುನಾಡು ಅರಮನೆ ಕಡೆಯಿಂದ ದಾರಿ. ಅರಣ್ಯ ಇಲಾಖೆಯ ಅನುಮತಿ ಮತ್ತು ಬುಕಿಂಗ್ ನಿಯಮ ಮೊದಲೇ ನೋಡಿಕೊಳ್ಳಿ. ಮೂರು ತಿಂಗಳು ಏರಿಳಿದವರು ಹತ್ತಬಲ್ಲರು, ಇಳಿಯಲೂ ಬಲ್ಲರು.

ಹೆಜ್ಜೆ 9: ಜೂನ್

ಇಲ್ಲಿಗೆ ಬಂದೆವು. ಮೇ ಮುಗಿಯುವ ಮೊದಲೇ ಸೂರು ಗೊತ್ತುಮಾಡಿ: ಸಮುದಾಯ ಭವನ, ಸಂಘದ ಹಾಲ್, ಖಾಲಿ ಗೋದಾಮು, ಯಾವುದಾದರೂ. ಕಾಫಿ ಒಣಗಿಸುವ ಕಣ ಖಾಲಿ ಇದೆ ಎಂದು ಆಸೆಪಡಬೇಡಿ. ಪಾಚಿ ಕಟ್ಟಿದ ಕಣದಲ್ಲಿ ಜಾರಿ ಬಿದ್ದರೆ ಮಣಿಕಟ್ಟು ಹೋಯಿತೆಂದೇ ತಿಳಿಯಿರಿ.

ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ನಿಮ್ಮ ಮಾತು ಯಾರಿಗೂ ಕೇಳುವುದಿಲ್ಲ. ನಾನು ಮೊದಲ ವಾರ ಕಿರುಚಿ ಗಂಟಲು ಕಳೆದುಕೊಂಡೆ. ಈಗ ಒಂದು ಸೀಟಿ, ಗೋಡೆಗೆ ಅಂಟಿಸಿದ ಆರು ರಟ್ಟು. ಪ್ರತಿ ರಟ್ಟಿನ ಮೇಲೆ ಕಡ್ಡಿ ಗೊಂಬೆಯ ಚಿತ್ರ: ಕುರ್ಚಿ, ಗೋಡೆ ತಳ್ಳುವುದು, ಮೆಟ್ಟಿಲು ಹತ್ತಿ ಇಳಿಯುವುದು, ಹಗ್ಗ, ಬಕೆಟ್, ಒಂಟಿ ಕಾಲು. ಇಬ್ಬಿಬ್ಬರು ಒಂದೊಂದು ರಟ್ಟಿನ ಕೆಳಗೆ. ಸೀಟಿ ಊದಿದರೆ 40 ಸೆಕೆಂಡು ಕೆಲಸ, ಮತ್ತೆ ಊದಿದರೆ 20 ಸೆಕೆಂಡಿನಲ್ಲಿ ಮುಂದಿನ ರಟ್ಟಿಗೆ. ಆರು ರಟ್ಟು ಒಂದು ಸುತ್ತು, ಆರು ನಿಮಿಷ. ಮೂರು ಸುತ್ತು, ನಡುವೆ ಎರಡೆರಡು ನಿಮಿಷ ವಿರಾಮ. ಕರೆಂಟು ಹೋದರೂ ನಿಲ್ಲುವುದಿಲ್ಲ, ಸೀಟಿಗೆ ಕರೆಂಟು ಬೇಡವಲ್ಲ. ಅವರವರ ಶಕ್ತಿಗೆ ತಕ್ಕಂತೆ ಒಬ್ಬರು 40 ಸೆಕೆಂಡಿಗೆ ಐದು ಸಲ, ಇನ್ನೊಬ್ಬರು ಇಪ್ಪತ್ತು ಸಲ. ಯಾರೂ ಯಾರಿಗೂ ಕಾಯಬೇಕಿಲ್ಲ.

ಶನಿವಾರ ರಟ್ಟು ಇಲ್ಲ, ನಮ್ಮ ಮದುವೆಗಳಲ್ಲಿ ಕುಣಿಸುವ ವಾಲಗ. ಫೋನಿಗೆ ಸ್ಪೀಕರ್ ಸಿಕ್ಕಿಸಿ ಹಾಕುತ್ತೇವೆ. ನಮ್ಮವರಿಗೆ ಝುಂಬಾ ಕಲಿಸಲು ಹೋಗಿ ಸೋತವನು ನಾನು, ಎಡ ಬಲ ಹೇಳಿಕೊಡುವಷ್ಟರಲ್ಲಿ ಹಾಡೇ ಮುಗಿಯುತ್ತಿತ್ತು. ವಾಲಗ ಹಾಕಿದರೆ ಯಾರಿಗೂ ಹೇಳಿಕೊಡುವುದೇ ಬೇಡ. ಇಪ್ಪತ್ತು ನಿಮಿಷ ಬಿಡದೆ ಕುಣಿದವರನ್ನು ಮಾತಾಡಿಸಿ ನೋಡಿ, ಮಾತು ಬರುತ್ತದೆ, ಹಾಡು ಬರುವುದಿಲ್ಲ.

ಮಳೆ ಬಿಟ್ಟ ಸಂಜೆ ಹೊರಗೆ ನಡೆಯುವವರು ಜಿಗಣೆಗೆ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಒದ್ದೆ ಶೂಗೆ ಹಳೆಯ ಪೇಪರ್ ತುರುಕಿ ಒಲೆಯ ಪಕ್ಕದಲ್ಲಿ, ಒಲೆಯ ಮೇಲಲ್ಲ, ಇಡಿ. ಎರಡು ಜೊತೆ ಶೂ ಇದ್ದರೆ ಜೂನಿನ ನೆಪಗಳಲ್ಲಿ ಅರ್ಧ ಕಡಿಮೆ.

ತಟ್ಟೆ, ಲೋಟ, ನಿದ್ದೆ

ಹಂದಿ ಮಾಂಸ ಬಿಡಬೇಕಾ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಪಂದಿಕರಿ ಶತ್ರುವಲ್ಲ, ಅದರ ಜೊತೆ ಇಳಿಯುವ ಎಂಟನೆಯ ಕಡಂಬುಟ್ಟು (ಅಕ್ಕಿಯ ಉಂಡೆ) ಮತ್ತು ತಟ್ಟೆಯ ಅಂಚಿನಲ್ಲಿ ಉಳಿಯಬೇಕಿದ್ದ ಕೊಬ್ಬು. ನಮ್ಮ ಊಟದಲ್ಲಿ ಅಕ್ಕಿಯೇ ಅಕ್ಕಿ: ಬೆಳಗ್ಗೆ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿ ಶಾವಿಗೆಯ ನೂಪುಟ್ಟು. ಒಂದು ಹೊತ್ತಿನ ಅಕ್ಕಿ ಅರ್ಧ ಮಾಡಿ ಆ ಜಾಗಕ್ಕೆ ಕಾಳು, ಮೊಟ್ಟೆ, ಮೀನು, ಸೊಪ್ಪು ಬರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು, ಎಂದರೆ 60 ಕಿಲೋದವರಿಗೆ ಸುಮಾರು 50 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು), ಅಣಬೆ, ಕೆಸುವಿನ ಎಲೆ ಹಿತ್ತಿಲಿಗೇ ಬರುತ್ತವೆ. ಗೊತ್ತಿರುವ ಅಣಬೆ ಮಾತ್ರ, ಕಣಿಲೆಯನ್ನು ನೀರು ಬದಲಿಸಿ ನೆನೆಸಿ ಬೇಯಿಸಿಯೇ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕು. ಉಪ್ಪಿನಕಾಯಿ, ಒಣಮೀನು ಎರಡೂ ಒಂದೇ ಊಟಕ್ಕೆ ಬಂದರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು.

ಕುಡಿಯುವುದರ ಬಗ್ಗೆ ಕೊಡಗಿನಲ್ಲಿ ಬರೆದರೆ ಬೈಸಿಕೊಳ್ಳಬೇಕು, ಆದರೂ ಬರೆಯುತ್ತೇನೆ. ರಾತ್ರಿ ಮೂರು ಪೆಗ್ ಹಾಕಿದವರ ನಿದ್ದೆ ಉದ್ದವಿದ್ದರೂ ಒಡೆದ ನಿದ್ದೆ, ಮೈ ಒಣಗಿರುತ್ತದೆ. ಮಾರನೆಯ ಬೆಳಗ್ಗೆ ಅವರನ್ನು ಏರಿಗೆ ಓಡಿಸಬೇಡಿ, ನಡೆಸಿ. ಪಂದ್ಯದ ನಂತರ ಮೊದಲು ನೀರು, ಊಟ. ಕಾಫಿ ನಮ್ಮದೇ ಬೆಳೆ, ಕುಡಿಯೋಣ. ಆದರೆ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು 5 ಗಂಟೆ ಬೇಕು, ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಎಚ್ಚರವಾಗಿರುತ್ತದೆ. ಏಳು ಗಂಟೆಯಾದರೂ ನಿದ್ದೆ ಬೇಕು.

ಗುಂಪಿನೊಳಗಿನ ಜಗಳ

ಬರುತ್ತದೆ. ನಮ್ಮಲ್ಲಿ ಬಂದದ್ದು ಹೆಜ್ಜೆ ಎಣಿಸುವ ವಾಚಿನಿಂದ. ಪ್ರತಿ ರಾತ್ರಿ ಗ್ರೂಪಿನಲ್ಲಿ ಲೆಕ್ಕ ಹಾಕುವ ಪದ್ಧತಿ ಶುರುವಾಗಿ, ಯಾರೋ ವಾಚನ್ನು ನಾಯಿಗೆ ಕಟ್ಟಿದ್ದಾರೆಂಬ ಆರೋಪದ ತನಕ ಹೋಯಿತು. ಈಗ ಹಾಜರಿ ಮಾತ್ರ ಬರೆಯುತ್ತೇವೆ, ಸಂಖ್ಯೆ ಇಲ್ಲ. ನಡೆಸುವ ಕೆಲಸ ತಿಂಗಳಿಗೊಬ್ಬರಿಗೆ. ನಡೆಸುವವರು ತಪ್ಪಿಸಲು ಆಗುವುದಿಲ್ಲವಾದ್ದರಿಂದ, ಹೆಚ್ಚು ತಪ್ಪಿಸುವವರಿಗೆ ಜೂನ್ ತಿಂಗಳು ಕೊಡುವುದು ನಮ್ಮ ಗುಟ್ಟು. ಪ್ರತಿಯೊಬ್ಬರಿಗೂ ಒಬ್ಬ ಜೋಡಿ. ಎರಡು ದಿನ ಕಾಣದಿದ್ದರೆ ಗ್ರೂಪಿನಲ್ಲಿ ಹಾಕುವುದಲ್ಲ, ಜೋಡಿ ಫೋನ್ ಮಾಡುವುದು.

ಇನ್ನೊಂದು ಮಾತು, ಹಾಲ್‌ನ ಬೀಗದ ಕೀಲಿ ಇಬ್ಬರ ಬಳಿ ಇರಲಿ, ಅವರಲ್ಲಿ ಒಬ್ಬರು ನಡೆದೇ ಬರುವಷ್ಟು ಹತ್ತಿರದವರಾಗಿರಲಿ. ಒಂದು ಜುಲೈ ಬೆಳಗ್ಗೆ ಕೀಲಿ ಇದ್ದವರ ಜೀಪು ರಸ್ತೆಗೆ ಬಿದ್ದ ಮರದ ಆಚೆ ಸಿಕ್ಕಿಕೊಂಡು, ಒಂಬತ್ತು ಜನ ಕೊಡೆ ಹಿಡಿದು ಜಗಲಿಯಲ್ಲೇ ಕಾಲು ಗಂಟೆ ನಿಂತೆವು. ಅಜ್ಜಿ ಆ ಜಗಲಿಯ ಮೇಲೆ ಕೂತು ಏಳುವುದಕ್ಕೆ ಶುರು ಮಾಡಿದರು. ಉಳಿದವರೂ ಕೊಡೆ ಮಡಚಿ ಸಾಲಾಗಿ ಕೂತರು.